ಇಳಿಜಾರಿನಲ್ಲಿ ನೀರು ಕುಡಿದ ಲಾರಿ

ಘಾಟಿ ಹತ್ತುವಾಗ ಲಾರಿ ಕಾಯುತ್ತದೆ, ಇಳಿಯುವಾಗ ತಣಿಯುತ್ತದೆ. ಸ್ಟೇರಿಂಗ್ ಮುಟ್ಟದವರಿಗೂ ಇದು ಗೊತ್ತು. ಮೈತುಂಬ ಲೋಡು ಹೊತ್ತು ಫಸ್ಟ್ ಗೇರಿನಲ್ಲಿ ನರಳುತ್ತ ಏರುವಾಗ ಇಂಜಿನ್ ಬಿಸಿಯಾಗದೆ ಇನ್ನೇನು? ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನ ಹಿಡಿತದಲ್ಲಿ ಇಳಿಯುವಾಗ ಅದಕ್ಕೆಂಥ ಸಂಕಟ? ನಾನು ಹೇಳಹೊರಟ ಲಾರಿಗೆ ಮಾತ್ರ ಈ ಲೆಕ್ಕ ಗೊತ್ತಿರಲಿಲ್ಲ. ಶಿರಾಡಿ ಘಾಟಿ ಹತ್ತುವಾಗ ಅದು ಬಲು ಸಾಧು. ಇಳಿಯುವಾಗ ನೀರು ಕುಡಿಯುತ್ತಿತ್ತು.

2003ರ ಮಾತು ಇದು. ಸಕಲೇಶಪುರ, ಸುಬ್ರಹ್ಮಣ್ಯದ ಮೇಲಿಂದ ಮಂಗಳೂರಿಗೆ ಹೋಗುತ್ತಿದ್ದ ಮೀಟರ್ ಗೇಜ್ ರೈಲುದಾರಿಯನ್ನು ಬ್ರಾಡ್ ಗೇಜ್ ಮಾಡುತ್ತೇವೆಂದು ಮುಚ್ಚಿ ವರ್ಷಗಳೇ ಆಗಿದ್ದವು. ಆ ಹಳಿಯ ಮೇಲೆ ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ. ಅಲ್ಲಿಯ ತನಕ ನಮ್ಮ ಹಾಸನದ ಕಡೆಯಿಂದ ಪಣಂಬೂರು ಬಂದರಿಗೆ ಹೋಗುವುದು, ಬರುವುದು ಬಹುಪಾಲು ಲಾರಿಯ ಬೆನ್ನ ಮೇಲೆಯೇ. ಹೋಗುವಾಗ ಹೊಸಪೇಟೆ ಕಡೆಯ ಅದಿರು, ಬರುವಾಗ ಗೊಬ್ಬರವೋ ಕಲ್ಲಿದ್ದಲೋ. ರಸ್ತೆಗೆ ಆಗಿನ್ನೂ 48ನೇ ನಂಬರು, ಈಗಿನ 75. ಘಾಟಿಯ ಬಾಗಿಲು ಹಾಕಿ ಕಾಂಕ್ರೀಟ್ ಸುರಿದದ್ದು ಆಮೇಲೆ, 2015ರಲ್ಲಿ ಒಂದು ಭಾಗ, 2018ರಲ್ಲಿ ಇನ್ನೊಂದು. ನಮ್ಮ ಕಾಲದಲ್ಲಿ ಡಾಂಬರಿಗಿಂತ ಗುಂಡಿ ಹೆಚ್ಚು. ಗುಂಡಿ ಬಂತೆಂದರೆ ಬ್ರೇಕು, ತಿರುವು ಬಂತೆಂದರೆ ಬ್ರೇಕು, ಎದುರಿಗೆ ಟ್ಯಾಂಕರ್ ಬಂತೆಂದರೆ ಮತ್ತೆ ಬ್ರೇಕು. ಈ ಬ್ರೇಕಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತು ಚಕ್ರದ ಗಾಡಿ. ಕಂಪನಿಯ ಹೆಸರು ಬೇಡ, ಈ ಕಾಯಿಲೆಗೆ ಕಂಪನಿಯ ಭೇದವಿಲ್ಲ. ನಾನಾಗ ಕ್ಲೀನರ್. ಡ್ರೈವರ್ ಬೆಳ್ತಂಗಡಿ ಕಡೆಯವರು, ನಾನು ಅಣ್ಣ ಅಂತಲೇ ಕರೆಯುತ್ತಿದ್ದದ್ದು. ಮಾತು ಕಡಿಮೆ. ಆದರೆ ಕಿವಿ, ಮೂಗು, ಅಂಗಾಲು ಮೂರೂ ಗಾಡಿಯ ಮೇಲೇ ಇರುವ ಮನುಷ್ಯ. ಹಾರ್ನಿನ ಸದ್ದು ಕೇಳಿ ಬ್ಯಾಟರಿ ಇಳಿದಿದೆ ಅನ್ನುವವರು.

ಮೊದಲು ಎಡವಟ್ಟಾದದ್ದು ಒಂದು ಚಳಿಗಾಲದ ರಾತ್ರಿ. ದೋಣಿಗಾಲ್ ದಾಟಿ, ಮಾರನಹಳ್ಳಿ ದಾಟಿ, ಕೆಂಪುಹೊಳೆಯ ಪಕ್ಕದಲ್ಲೇ ಇಳಿಯುತ್ತಿದ್ದೆವು. ಟೆಂಪರೇಚರ್ ಮುಳ್ಳು ನಡುಮಧ್ಯ ನಿಂತಿದ್ದದ್ದು ಒಮ್ಮೆ ನಡುಗಿತು, ಮೇಲೆ ಹಾರಿತು, ಆಮೇಲೆ ಸೀದಾ ಕೆಳಗೆ ಬಿದ್ದು ತಣ್ಣನೆಯ ಗೀಟಿನ ಮೇಲೆ ಮಲಗಿತು. ಚಳಿಗೆ ಇಂಜಿನ್ ತಣ್ಣಗಾಯಿತು ಅಂತ ನಾನು ಬೀಡಿ ಹಚ್ಚುವುದರಲ್ಲಿದ್ದೆ. ಅಣ್ಣ ಗಾಡಿಯನ್ನು ಪಕ್ಕಕ್ಕೆ ಹಾಕಿಬಿಟ್ಟರು.

“ಯಾಕಣ್ಣ? ಮುಳ್ಳು ಇಳಿದಿದೆಯಲ್ಲ?”

“ಇಳಿದದ್ದು ಹೌದು. ಆದ್ರೆ ಇಷ್ಟು ಬೇಗ ಇಳೀಲಿಕ್ಕೆ ಉಂಟಾ ಮಾರಾಯ? ಎಂಥದೋ ಆಗಿದೆ.”

ಎಷ್ಟೋ ಇಂಜಿನ್ನುಗಳು ಸತ್ತಿರುವುದು ಈ ಪ್ರಶ್ನೆಯನ್ನು ಯಾರೂ ಕೇಳದೆ ಇದ್ದದ್ದರಿಂದ. ಮುಳ್ಳು ಇಂಜಿನ್ನಿನ ಕಾವನ್ನು ನೇರವಾಗಿ ನೋಡುವುದಿಲ್ಲ. ಥರ್ಮೋಸ್ಟಾಟ್ ಕೂರುವ ಜಾಗದ ಹತ್ತಿರ ಹಿತ್ತಾಳೆಯ ಒಂದು ಸಣ್ಣ ಸೆನ್ಸರ್ ಇರುತ್ತದೆ, ಅದರ ತುದಿ ನೀರಿನಲ್ಲಿ ಮುಳುಗಿರುತ್ತದೆ. ನೀರು ಕಾದಷ್ಟೂ ಅದರೊಳಗಿನ ರೆಸಿಸ್ಟೆನ್ಸ್ ಇಳಿಯುತ್ತದೆ, ಕರೆಂಟು ಹೆಚ್ಚು ಹರಿಯುತ್ತದೆ, ಮುಳ್ಳು ಏರುತ್ತದೆ. ಅದಕ್ಕೆ ಗೊತ್ತಿರುವುದು ತನ್ನ ತುದಿಗೆ ತಾಗಿದ್ದರ ಬಿಸಿ ಮಾತ್ರ. ನೀರಿನ ಮಟ್ಟ ಇಳಿದು ಆ ಜಾಗಕ್ಕೆ ಗಾಳಿ ಬಂದು ಕೂತರೆ ಸೆನ್ಸರ್ ಗಾಳಿಯ ಸುದ್ದಿ ಹೇಳುತ್ತದೆ. ಕಾದ ಒಲೆಯ ಮೇಲಿನ ಗಾಳಿಯಲ್ಲಿ ಸ್ವಲ್ಪ ಹೊತ್ತು ಕೈ ಹಿಡಿಯಬಹುದು, ಕುದಿಯುವ ಎಸರಿನಲ್ಲಿ ಬೆರಳು ಅದ್ದಲಾಗದು. ಅದೇ ಸಂಗತಿ ಇಲ್ಲಿ ನಡೆಯುವುದು. ಗಾಳಿ ಕಾವನ್ನು ಸರಿಯಾಗಿ ದಾಟಿಸದೆ ಮುಳ್ಳು ಬೀಳುತ್ತದೆ. ಮಧ್ಯೆ ಒಂದು ಅಲೆ ಬಿಸಿನೀರೋ ಹಬೆಯೋ ಬಂದು ತಾಗಿದರೆ ಚಂಗನೆ ಹಾರುತ್ತದೆ. ಇಂಜಿನ್ ನೀರಿಲ್ಲದೆ ಬೇಯುತ್ತಿರುವ ಹೊತ್ತಿಗೇ ಮೀಟರು ಎಲ್ಲ ಸರಿ ಇದೆ ಅನ್ನುತ್ತದೆ. ಏರಿದ ಮುಳ್ಳಿಗಿಂತ ಬಿದ್ದ ಮುಳ್ಳಿಗೆ ಹೆಚ್ಚು ಹೆದರಬೇಕು ಅಂತ ನನಗೆ ಅವತ್ತು ಗೊತ್ತಾಯಿತು.

ಅಣ್ಣ ತಕ್ಷಣ ಕ್ಯಾಪ್ ಮುಟ್ಟಲಿಲ್ಲ. ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳ ಅಲ್ಲ, ಒಳಗೆ ಸ್ಪ್ರಿಂಗ್ ಇದೆ. ಅರ್ಧ ಕೆಜಿಯಷ್ಟು ಪ್ರೆಷರ್ ಹಿಡಿದಿಟ್ಟರೆ ನೀರು 100 ಡಿಗ್ರಿಗೆ ಕುದಿಯದೆ 110ರ ತನಕ ತಡೆಯುತ್ತದೆ. ಕ್ಯಾಪ್ ತೆಗೆದ ಕ್ಷಣ ಆ ಪ್ರೆಷರ್ ಹೋಗಿ ಅಷ್ಟೂ ನೀರು ಒಟ್ಟಿಗೇ ಕುದಿದು ಮುಖಕ್ಕೆ ಹಾರುತ್ತದೆ. ಘಾಟಿಯ ಕ್ಲೀನರುಗಳಲ್ಲಿ ಮುಂಗೈ ಚರ್ಮ ಬಿಳಿಚಿಕೊಂಡವರನ್ನು ಕಂಡರೆ ಏನು ನಡೆದಿದೆ ಅಂತ ಕೇಳಬೇಕಾಗಿರಲಿಲ್ಲ. ನಾವು ಕಾದೆವು. ಮೇಲಿನ ಹೋಸ್ ಕೈಗೆ ಮೆತ್ತಗಾದ ಮೇಲೆ ಗೋಣಿಚೀಲ ಮಡಚಿ ಹಾಕಿ ಕಾಲು ಸುತ್ತು ತಿರುಗಿಸಿ, ಉಸಿರು ಹೋಗಲು ಬಿಟ್ಟು, ಆಮೇಲೆ ತೆಗೆದರು. ಇಂಜಿನ್ ಸಣ್ಣಗೆ ಓಡುತ್ತಿರುವಾಗಲೇ ನಾನು ನೀರನ್ನು ನೂಲಿನ ಹಾಗೆ ಬಿಟ್ಟೆ. ಕಾದ ಹೆಡ್ಡಿಗೆ ತಣ್ಣೀರು ದಬಕ್ಕನೆ ಸುರಿದರೆ ಬೀಡು ಬಿರುಕು ಬಿಡುತ್ತದೆ. ಐದು ಲೀಟರಿನ ಕ್ಯಾನು ಖಾಲಿಯಾದರೂ ರೇಡಿಯೇಟರ್ ತುಂಬಲಿಲ್ಲ.

ಆದರೆ ಗಾಡಿಯ ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ ಒಂದು ಹನಿಯೂ ಇಲ್ಲ. ಹೋಸ್ ಒಣ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು ಒಣ. ಪಂಪಿನ ಸೀಲ್ ಹೋದರೆ ಮೊದಲು ಹನಿಯುವುದು ಆ ತೂತಿನಲ್ಲೇ. ಡಿಪ್ ಸ್ಟಿಕ್ ಎಳೆದರು, ಆಯಿಲ್ ಕಪ್ಪಗೇ ಇತ್ತು, ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆಯಿಲ್ಲ. ಹಾಗಾದರೆ ನೀರು ಎಲ್ಲಿ ಹೋಯಿತು?

ಆ ಪ್ರಶ್ನೆ ಹಿಡಿದುಕೊಂಡು ನಾವು ಘಾಟಿ ಹತ್ತಿದೆವು, ಇಳಿದೆವು. ಹತ್ತುವಾಗ ಗೊಬ್ಬರದ ಮೂಟೆ ತುಂಬಿಕೊಂಡು, ಗುಂಡ್ಯದಿಂದ ಸಕಲೇಶಪುರದ ತನಕ ಆಮೆನಡಿಗೆ. ಸಕಲೇಶಪುರ ಸಮುದ್ರಮಟ್ಟದಿಂದ 950 ಮೀಟರಿನಷ್ಟು ಎತ್ತರದಲ್ಲಿದೆ. ಎತ್ತರ ಹೋದಷ್ಟೂ ನೀರು ಬೇಗ ಕುದಿಯುತ್ತದೆ, ಅಲ್ಲಿ 97 ಡಿಗ್ರಿಗೇ ಕುದಿ ಬರುತ್ತದೆ. ನೀರು ಖಾಲಿಯಾಗುವುದಿದ್ದರೆ ಅಲ್ಲಿ, ಆ ಏರಿನಲ್ಲಿ ಆಗಬೇಕಿತ್ತು. ಆಗಲಿಲ್ಲ. ಮುಳ್ಳು ಮುಕ್ಕಾಲಿಗೆ ಹೋಗಿ ಅಲ್ಲೇ ನಿಂತಿತು, ನೀರು ಇಳಿಯಲಿಲ್ಲ. ತಿರುಗಿ ಅದಿರು ತುಂಬಿಕೊಂಡು ಇಳಿದರೆ ಕೆಳಗೆ ಬರುವ ಹೊತ್ತಿಗೆ ಮತ್ತೆ ಖಾಲಿ. ಒಮ್ಮೆ ಬೆಂಗಳೂರಿಗೆ ಲೋಡು ಸಿಕ್ಕಿತು. ನೆಲಮಂಗಲದ ತನಕ ಏನೂ ಇಲ್ಲ, ಯಶವಂತಪುರದ ಟ್ರಾಫಿಕ್ಕಿನಲ್ಲಿ ತೆವಳುವಾಗ ಮುಳ್ಳು ಕುಣಿಯತೊಡಗಿತು. ಟ್ರಾಫಿಕ್ಕಿನ ಬಿಸಿ ಅಂತ ಎಲ್ಲರೂ ಹೇಳಿದರು. ಡಿಸೆಂಬರಿನ ರಾತ್ರಿ ಹತ್ತು ಗಂಟೆಗೆ ಅದೆಂಥ ಬಿಸಿಯೋ!

ಆಗ ಅಣ್ಣ ಒಂದು ಕೆಲಸ ಮಾಡಿದರು. ನಮ್ಮ ಗಾಡಿಗೆ ಈಗಿನ ಗಾಡಿಗಳ ಹಾಗೆ ಉಕ್ಕಿದ ನೀರನ್ನು ಹಿಡಿದಿಡುವ ಬಿಳಿ ಡಬ್ಬಿ ಇರಲಿಲ್ಲ. ರೇಡಿಯೇಟರ್ ಕತ್ತಿನಿಂದ ಒಂದು ಸಣ್ಣ ಪೈಪು ಇಳಿದು ರಸ್ತೆಗೆ ಬಾಯಿ ತೆರೆದುಕೊಂಡಿತ್ತು, ಅಷ್ಟೆ. ಅದರ ಬಾಯಿಗೆ ಖಾಲಿ ನೀರಿನ ಬಾಟಲಿಯೊಂದನ್ನು ಸಿಕ್ಕಿಸಿ ತಂತಿಯಲ್ಲಿ ಕಟ್ಟಿದರು. ಸಕಲೇಶಪುರದಲ್ಲಿ ನೋಡಿದಾಗ ಬಾಟಲಿ ಖಾಲಿ. ಗುಂಡ್ಯದಲ್ಲಿ ನೋಡಿದರೆ ತುಂಬಿ ಉಕ್ಕಿ ಚಾಸಿಗೆಲ್ಲ ನೀರು ಎರಚಿತ್ತು.

ಅರ್ಧ ಉತ್ತರ ಸಿಕ್ಕಿದ ಹಾಗಾಯಿತು. ನೀರು ಸೋರುತ್ತಿಲ್ಲ, ಯಾವುದೋ ಪ್ರೆಷರ್ ಅದನ್ನು ಒಳಗಿಂದ ತಳ್ಳಿ ಕ್ಯಾಪ್ ಎತ್ತಿಸಿ ಹೊರಗೆ ಹಾಕುತ್ತಿದೆ. ಅದೂ ಇಳಿಯುವಾಗ ಮಾತ್ರ. ಅಣ್ಣನಿಗೆ ಅಷ್ಟು ಖಾತ್ರಿಯಿತ್ತು. ತಳ್ಳುತ್ತಿರುವವರು ಯಾರು ಅನ್ನುವುದು ಗೊತ್ತಾಗಲಿಲ್ಲ.

ಇನ್ನು ಗ್ಯಾರೇಜುಗಳ ಸುತ್ತು. ಲಾರಿ ಕೆಲಸದ ಸಾಲಿನಲ್ಲಿ ಒಂದೊಂದು ಅಂಗಕ್ಕೆ ಒಂದೊಂದು ಅಂಗಡಿ. ರೇಡಿಯೇಟರಿಗೆ ಒಬ್ಬರು, ವೈರಿಂಗಿಗೆ ಒಬ್ಬರು, ಪಂಪ್–ನಾಜಲ್ಲಿಗೆ ಒಬ್ಬರು, ಪ್ಲೇಟಿಗೆ ಒಬ್ಬರು, ಬ್ರೇಕಿಗೆ ಒಬ್ಬರು. ಎಲ್ಲರೂ ಅವರವರ ಕೆಲಸದಲ್ಲಿ ಗಟ್ಟಿಗರೇ. ಆದರೆ ಯಾರ ಅಂಗಡಿಯ ಮುಂದೆ ಗಾಡಿ ನಿಲ್ಲುತ್ತದೋ ಕಾಯಿಲೆ ಅವರ ಅಂಗದಲ್ಲೇ ಕಾಣಿಸುತ್ತದೆ.

ರೇಡಿಯೇಟರಿನವರು ಚೋಕ್ ಆಗಿದೆ ಅಂದರು. ಬಿಚ್ಚಿ, ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ, ಕೊಳವೆಗಳಿಗೆಲ್ಲ ರಾಡ್ ಹೊಡೆದರು. ಹೊರಬಂದ ತುಕ್ಕು, ಸುಣ್ಣದ ಹಕ್ಕಳೆ ನೋಡಿದರೆ ಆ ಕೆಲಸ ವ್ಯರ್ಥ ಅಂತ ಹೇಳಲಾರೆ, ಯಾವತ್ತೋ ಮಾಡಿಸಬೇಕಾಗಿದ್ದದ್ದೇ. ಹಳೆಯ ಕ್ಯಾಪೊಂದಕ್ಕೆ ಸೈಕಲ್ ಟ್ಯೂಬಿನ ವಾಲ್ವ್ ಬೆಸೆದು ಮಾಡಿಕೊಂಡ ಸಾಧನ ಅವರ ಹತ್ತಿರ ಇತ್ತು. ಅದನ್ನು ಕತ್ತಿಗೆ ಹಾಕಿ ಪಂಪಿನಲ್ಲಿ ಮೆಲ್ಲಗೆ ಗಾಳಿ ಕೊಟ್ಟು ತೋರಿಸಿದರು, ಹೊರಗೆಲ್ಲೂ ಸೋರಿಕೆ ಇಲ್ಲ. ಇನ್ನು ಬರೀ ನೀರು ಹಾಕಬೇಡಿ, ಕೂಲೆಂಟ್ ಬೆರೆಸಿ ಅಂತ ಬುದ್ಧಿ ಹೇಳಿದರು. ಓನರು ಗೊಣಗುತ್ತಲೇ ಹಸಿರು ಕೂಲೆಂಟ್ ಕ್ಯಾನು ಕೊಡಿಸಿದರು. ಆ ಹಸಿರು ಮುಂದೆ ಎಲ್ಲಿ ಕಾಣಿಸಿಕೊಳ್ಳುತ್ತದೆ ಅಂತ ಅವತ್ತು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಅಲ್ಲೇ ಪಕ್ಕದಲ್ಲಿದ್ದ ಇನ್ನೊಬ್ಬ, “ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ಎಲ್ಲ ಸರಿಹೋಗುತ್ತೆ” ಅಂದ. ನಮ್ಮ ಕಡೆ ಬಿಸಿಯಾಗುವ ಗಾಡಿಗೆಲ್ಲ ಇದೇ ಮದ್ದು. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬೆಳಿಗ್ಗೆಯೆಲ್ಲ ತಣ್ಣಗೇ ಓಡಿ ಹೊಗೆ ಕಾರುತ್ತದೆ, ಲೈನರ್ ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಂತೂ ಅದು ಇಲ್ಲದಿದ್ದರೆ ಅರ್ಧ ನೀರು ರೇಡಿಯೇಟರ್ ಕಡೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತ ಇನ್ನಷ್ಟು ಬಿಸಿಯಾಗುತ್ತದೆ. ಅಣ್ಣ ಅವನಿಗೆ ಉತ್ತರ ಕೊಡಲಿಲ್ಲ. ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿ ಹಾಕಿ, ಬಾಯಿ ತೆರೆಯುವುದನ್ನು ಕಣ್ಣಾರೆ ನೋಡಿ, ಮತ್ತೆ ಅದರ ಜಾಗದಲ್ಲೇ ಕೂರಿಸಿದರು.

ವೈರಿಂಗಿನ ಹುಡುಗ ಚುರುಕು. ಸೆನ್ಸರಿನ ವೈರ್ ಕಿತ್ತ, ಮುಳ್ಳು ತಣ್ಣನೆಯ ತುದಿಗೆ ಬಿತ್ತು. ಅದೇ ವೈರನ್ನು ಇಂಜಿನ್ ಮೈಗೆ ಮುಟ್ಟಿಸಿದ, ಬಿಸಿಯ ತುದಿಗೆ ಹಾರಿತು. ಮೀಟರೂ ಸರಿ, ವೈರೂ ಸರಿ ಅಂತ ಅಷ್ಟರಲ್ಲೇ ಗೊತ್ತಾಯಿತು. ಐದು ನಿಮಿಷದ ಈ ಪರೀಕ್ಷೆಯನ್ನೂ ಮಾಡದೆ ಮೀಟರ್ ಬದಲಿಸಿ ದುಡ್ಡು ಕಳೆದವರು ಬೇಕಾದಷ್ಟು ಜನ ಇದ್ದಾರೆ. ಆಮೇಲೆ ಹೆಡ್‌ಲೈಟ್ ಹಾಕಿದ. ಮುಳ್ಳು ಒಂದು ಗೀಟು ಸರಿಯಿತು. ಆರಿಸಿದ, ವಾಪಸ್ ಬಂತು. “ಅರ್ತ್ ಹೋಗಿದೆ ಅಣ್ಣಾ” ಅಂದ. ಇಂಜಿನ್ನಿನಿಂದ ಚಾಸಿಗೆ ಹೋಗುವ ಜಡೆಯಂಥ ತಾಮ್ರದ ಪಟ್ಟಿ ತುಕ್ಕು ಹಿಡಿದು ಸಡಿಲವಾಗಿತ್ತು. ಉಜ್ಜಿ ಬಿಗಿದ ಮೇಲೆ ಲೈಟ್ ಹಾಕಿದರೂ ಮುಳ್ಳು ಕದಲಲಿಲ್ಲ.

ರೋಗ ಸಿಕ್ಕಿತು ಅಂತ ನಾನು ಕುಣಿದೆ. ಅಣ್ಣ ಕುಣಿಯಲಿಲ್ಲ. “ಅರ್ತ್ ಸರಿ ಇಲ್ಲದ್ದಕ್ಕೆ ಮುಳ್ಳು ಕುಣೀಬಹುದು. ಬಾಟಲಿಗೆ ನೀರು ತುಂಬಿಸಿದ್ದು ಯಾರು?” ಅಂದರು. ಒಂದು ಗಾಡಿಗೆ ಒಂದೇ ರೋಗ ಇರಬೇಕೆಂದಿಲ್ಲ. ಚಿಕ್ಕ ದೋಷವೊಂದು ಸಿಕ್ಕಿದ ಖುಷಿಯಲ್ಲಿ ದೊಡ್ಡದನ್ನು ಹುಡುಕುವುದನ್ನೇ ಬಿಟ್ಟುಬಿಡುತ್ತೇವೆ.

ಆ ವಾರವೇ ಮತ್ತೆ ಇಳಿಜಾರಿನಲ್ಲಿ ನೀರು ಖಾಲಿ.

ಇಂಜಿನ್ ಮೇಸ್ತ್ರಿ ಹತ್ತಿರ ಹೋದೆವು. ದೊಡ್ಡ ಗ್ಯಾರೇಜು, ದೊಡ್ಡ ಹೆಸರು. ಕ್ಯಾಪ್ ತೆಗೆದು ಇಂಜಿನ್ ಓಡಿಸಿ ರೇಡಿಯೇಟರ್ ಕತ್ತಿನೊಳಗೆ ಇಣುಕಿದರು. ಗುಳ್ಳೆ ಏಳುತ್ತಿದ್ದವು. “ಹೆಡ್ ಗ್ಯಾಸ್ಕೆಟ್. ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ತಾ ಇದೆ. ಹೆಡ್ ಇಳಿಸಬೇಕು, ಫೇಸಿಂಗ್ ಹೊಡೆಸಬೇಕು, ಲೈನರ್ ನೋಡಬೇಕು. ಬಿಚ್ಚಿದ ಮೇಲೆ ಇನ್ನೇನು ಬರುತ್ತೋ” ಅಂದರು. ತಪ್ಪು ಮಾತಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಕಂಡರೆ ಹತ್ತರಲ್ಲಿ ಒಂಬತ್ತು ಮೇಸ್ತ್ರಿಗಳು ಇದನ್ನೇ ಹೇಳುತ್ತಾರೆ, ಹೆಚ್ಚಿನ ಸಲ ಅದೇ ನಿಜವೂ ಆಗಿರುತ್ತದೆ. ಅಣ್ಣ ಮೆಲ್ಲಗೆ ಹೇಳಿನೋಡಿದರು: “ಮೇಸ್ತ್ರಿ, ಹತ್ತುವಾಗ ಎಂಥದೂ ಇಲ್ಲ. ಇಳಿಯುವಾಗ ಮಾತ್ರ ಹೋಗ್ತದೆ. ಗ್ಯಾಸ್ಕೆಟ್ ಹೋದ್ರೆ ಹತ್ತುವಾಗ ಅಲ್ವಾ ಜಾಸ್ತಿ ಆಗಬೇಕಾದ್ದು?”

ಮೇಸ್ತ್ರಿ ನಕ್ಕರು. “ಗಾಡಿ ಓಡಿಸೋದು ನೀನು, ಬಿಚ್ಚೋದು ನಾವು” ಅಂದರು. ಗ್ಯಾರೇಜಿನ ಹುಡುಗರೂ ನಕ್ಕರು. ಆ ನಗು ಇವತ್ತಿಗೂ ನನಗೆ ಸಿಟ್ಟು ತರಿಸುತ್ತದೆ. ಗಾಡಿಯ ಜೊತೆ ಹಗಲು ರಾತ್ರಿ ಕಳೆಯುವವನು ಯಾವ ಹೊತ್ತಿನಲ್ಲಿ, ಯಾವ ರಸ್ತೆಯಲ್ಲಿ, ಏನು ಮಾಡುವಾಗ ಅಂತ ಬಿಡಿಸಿ ಹೇಳುತ್ತಿದ್ದಾನೆ. ಯಾವ ಸ್ಪ್ಯಾನರಿಗೂ ಸಿಗದ ಮಾಹಿತಿ ಅದು, ಬಿಟ್ಟಿಯಾಗಿ ಸಿಗುತ್ತಿದೆ. ಕೇಳುವವರಿಲ್ಲ.

ಓನರಿಗೆ ಎಸ್‌ಟಿಡಿ ಬೂತಿನಿಂದ ಫೋನು ಹೋಯಿತು. ಅವರು ಹೆಡ್ ಗ್ಯಾಸ್ಕೆಟ್ ತರಿಸಲು ಮುಂಗಡವನ್ನೂ ಕಳಿಸಿದರು. ಹೆಡ್ ಇಳಿಸುವುದು ಸೋಮವಾರ ಅಂತ ನಿಗದಿಯಾಯಿತು.

ಅಷ್ಟರಲ್ಲಿ ಗಾಡಿಗೆ ಇನ್ನೊಂದು ತಾಪತ್ರಯವೂ ಇತ್ತು, ಅದನ್ನು ಯಾರೂ ಇದಕ್ಕೆ ಗಂಟು ಹಾಕಿರಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬ್ರೇಕಿನ ಗಾಳಿ ತುಂಬಲು ಮೊದಲಿಗಿಂತ ಬಹಳ ಹೊತ್ತು ಹಿಡಿಯುತ್ತಿತ್ತು. ಹೇಗೂ ಗಾಡಿ ನಿಂತಿದೆ, ಇದನ್ನೂ ತೋರಿಸಿಬಿಡೋಣ ಅಂತ ಅಣ್ಣ ಹಾಸನದ ಬಿ.ಎಂ. ರಸ್ತೆಯ ಏರ್ ಬ್ರೇಕ್ ಅಂಗಡಿಯೊಂದಕ್ಕೆ ಹೊಡೆದರು. ಅಲ್ಲಿ ಒಬ್ಬ ವಯಸ್ಸಾದ ಚಾಚಾ. ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ನಮ್ಮ ಮಾತು ಮುಗಿಯುವ ಮೊದಲೇ ಗಾಳಿಯ ಟ್ಯಾಂಕಿನ ಕೆಳಗಿನ ಡ್ರೈನ್ ಕಾಕ್ ತಿರುಗಿಸಿದರು.

ಗಾಳಿಯ ಟ್ಯಾಂಕಿನಲ್ಲಿ ನೀರು ಇರುವುದು ಹೊಸದಲ್ಲ. ಗಾಳಿಯಲ್ಲಿರುವ ತೇವ ತಣ್ಣಗಾಗಿ ತಳದಲ್ಲಿ ನಿಲ್ಲುತ್ತದೆ, ಕಂಪ್ರೆಸರಿನ ಆಯಿಲ್ ಸ್ವಲ್ಪ ಸೇರಿ ಕಂದುಬಣ್ಣದ ರಾಡಿಯಾಗುತ್ತದೆ. ಅದನ್ನು ದಿನಾ ಬಿಡುವುದು ಕ್ಲೀನರಿನ ಕೆಲಸ. ಅವತ್ತು ಬಂದದ್ದೂ ರಾಡಿಯೇ, ಆದರೆ ಅದಕ್ಕೊಂದು ಹಸಿರು ಛಾಯೆ. ಚಾಚಾ ಎರಡು ಬೆರಳಿನ ನಡುವೆ ತಿಕ್ಕಿ ನೋಡಿದರು, ಜಾರುತ್ತಿತ್ತು. ಮೂಸಿ ನೋಡಿದರು. ನಾಲಗೆಗೆ ಮಾತ್ರ ತಾಗಿಸಲಿಲ್ಲ. ಕೂಲೆಂಟ್ ಸಿಹಿ, ಆದರೆ ವಿಷ. ಚೆಲ್ಲಿದ್ದನ್ನು ನೆಕ್ಕಿದ ನಾಯಿ ಬದುಕುವುದು ಕಷ್ಟ.

“ರೇಡಿಯೇಟರಿಗೆ ಹಸಿರು ಕೂಲೆಂಟ್ ಹಾಕಿದ್ದೀರಾ?”

“ಹೌದು ಚಾಚಾ.”

“ಬ್ರೇಕಿನ ಟ್ಯಾಂಕಿಗೂ ನೀವೇ ಹಾಕಿದ್ದಾ?”

ಅಣ್ಣ ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ತಮ್ಮ ಹಣೆಗೆ ತಾವೇ ಒಂದು ಏಟು ಕೊಟ್ಟುಕೊಂಡು, “ಬ್ರೇಕು! ಇಳಿಯುವಾಗ ಬ್ರೇಕು! ಟ್ರಾಫಿಕ್ಕಿನಲ್ಲೂ ಬ್ರೇಕು!” ಅಂತ ಕೂಗಿದರು. ಚಾಚಾನಿಗೆ ಇನ್ನೂ ಬಾಟಲಿಯ ಕತೆ ಗೊತ್ತಿರಲಿಲ್ಲ, ಏನಾಯಿತು ಇವರಿಗೆ ಅಂತ ನನ್ನ ಮುಖ ನೋಡಿದರು.

ಬಿಡಿಸಿ ಹೇಳುತ್ತೇನೆ. ಲಾರಿಯ ಬ್ರೇಕು ಗಾಳಿಯ ಬಲದಲ್ಲಿ ನಡೆಯುತ್ತದೆ. ಆ ಗಾಳಿಯನ್ನು ಒತ್ತಿ ತುಂಬುವುದು ಇಂಜಿನ್ನಿಗೇ ಜೋಡಿಸಿದ ಸಣ್ಣ ಕಂಪ್ರೆಸರ್. ಗಾಳಿಯನ್ನು ಅಷ್ಟು ಒತ್ತಿದರೆ ಅದು ವಿಪರೀತ ಕಾಯುತ್ತದೆ. ಅದಕ್ಕೇ ನಮ್ಮಂಥ ಗಾಡಿಗಳಲ್ಲಿ ಕಂಪ್ರೆಸರಿನ ತಲೆಗೂ ನೀರಿನ ವ್ಯವಸ್ಥೆ ಇರುತ್ತದೆ. ಇಂಜಿನ್ನಿನ ನೀರೇ ಒಂದು ತೆಳು ಪೈಪಿನಲ್ಲಿ ಅಲ್ಲಿಗೆ ಹೋಗಿ, ಸುತ್ತಿ, ವಾಪಸ್ ಬರುತ್ತದೆ. ಅಲ್ಲಿ ಗಾಳಿಯ ದಾರಿಗೂ ನೀರಿನ ದಾರಿಗೂ ನಡುವೆ ಇರುವುದು ಒಂದು ಗ್ಯಾಸ್ಕೆಟ್, ಅಷ್ಟೇ. ಒಂದು ಕಡೆ ಏಳೆಂಟು ಕೆಜಿ ಗಾಳಿ, ಇನ್ನೊಂದು ಕಡೆ ಅರ್ಧ ಕೆಜಿ ನೀರು. ಗ್ಯಾಸ್ಕೆಟ್ ಒಂದು ಕೂದಲೆಳೆಯಷ್ಟು ಸುಟ್ಟರೂ ಗಾಳಿ ನೀರಿಗೆ ನುಗ್ಗುತ್ತದೆ. ನುಗ್ಗಿದ ಗಾಳಿ ಮೇಲೆ ಸೇರಿ, ಕ್ಯಾಪಿನ ಸ್ಪ್ರಿಂಗ್ ಎತ್ತಿಸಿ, ನೀರನ್ನು ರಸ್ತೆಗೆ ತಳ್ಳುತ್ತದೆ. ಸ್ವಲ್ಪ ಗಾಳಿ ಥರ್ಮೋಸ್ಟಾಟಿನ ಹತ್ತಿರ ಕೂತು ಮುಳ್ಳನ್ನು ಬೀಳಿಸುತ್ತದೆ. ಇಂಜಿನ್ ನಿಲ್ಲಿಸಿದಾಗ ಕಂಪ್ರೆಸರಿನ ಗಾಳಿ ಸತ್ತು, ಕಾದ ರೇಡಿಯೇಟರಿನ ಪ್ರೆಷರೇ ಮೇಲುಗೈಯಾಗಿ, ಅದೇ ಬಿರುಕಿನಿಂದ ನೀರು ತಿರುಗಿ ಕಂಪ್ರೆಸರಿಗೆ ಇಳಿಯುತ್ತದೆ. ಮಾರನೆಯ ಬೆಳಿಗ್ಗೆ ಗಾಳಿಯ ಜೊತೆ ಟ್ಯಾಂಕಿಗೆ ಹೋಗುತ್ತದೆ.

ಇಳಿಯುವಾಗ ಮಾತ್ರ ಯಾಕೆ? ಟ್ಯಾಂಕ್ ತುಂಬಿದ ಮೇಲೆ ಕಂಪ್ರೆಸರಿಗೆ ಕೆಲಸವಿಲ್ಲ. ಅನ್‌ಲೋಡರ್ ವಾಲ್ವ್ ಫುಸ್ ಅಂದು ಗಾಳಿಯನ್ನು ಹೊರಗೆ ಬಿಡುತ್ತದೆ, ಕಂಪ್ರೆಸರ್ ಭಾರವಿಲ್ಲದೆ ತಿರುಗುತ್ತದೆ. ಘಾಟಿ ಹತ್ತುವಾಗ ಬ್ರೇಕ್ ತುಳಿಯುವವರು ಯಾರು? ಏರಿನ ಉದ್ದಕ್ಕೂ ಅದು ಆರಾಮ. ಇಳಿಯುವಾಗ ತುಳಿದಷ್ಟೂ ಗಾಳಿ ಖರ್ಚು, ಖರ್ಚಾದಷ್ಟೂ ಅದು ಏದುಸಿರು ಬಿಟ್ಟು ತುಂಬಬೇಕು. ಯಶವಂತಪುರದ ಟ್ರಾಫಿಕ್ಕಿನಲ್ಲೂ ಇದೇ ಕತೆ.

ಆದರೂ ಚಾಚಾ ಸ್ಪ್ಯಾನರ್ ಎತ್ತಲಿಲ್ಲ. ಮೊದಲು ನೋಡೋಣ ಅಂದರು. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿಸಿದರು. ಇಂಜಿನ್ ತಣ್ಣಗಿತ್ತು. ರೇಡಿಯೇಟರಿನ ಕತ್ತಿನ ತನಕ ನೀರು ತುಂಬಿ, ಕ್ಯಾಪ್ ತೆರೆದೇ ಇಟ್ಟರು. ಗಾಳಿ ಟ್ಯಾಂಕಿನ ಡ್ರೈನ್ ಕಾಕನ್ನೂ ಪೂರ್ತಿ ತೆರೆದರು. ಆಮೇಲೆ ಸ್ಟಾರ್ಟ್ ಮಾಡಿಸಿದರು. ನಾನು ಬಂಪರಿನ ಮೇಲೆ ಹತ್ತಿ ಕತ್ತಿನೊಳಗೆ ಇಣುಕಿ ನಿಂತೆ. ಕಂಪ್ರೆಸರ್ ತುಂಬಿದ ಗಾಳಿಯೆಲ್ಲ ಕೆಳಗಿಂದ ಹೋಗುತ್ತಿತ್ತು. ನೀರು ಸಣ್ಣಗೆ ಸುಳಿಯುತ್ತಿತ್ತು, ಒಂದು ಗುಳ್ಳೆ ಇಲ್ಲ. ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಬ್ರೇಕಿನ ಟ್ಯಾಂಕ್ ತೆರೆದಿದ್ದರೂ ಮುಚ್ಚಿದ್ದರೂ ಗುಳ್ಳೆ ಬಂದೇ ಬರಬೇಕಿತ್ತು.

“ಈಗ ಮುಚ್ಚು” ಅಂದರು. ಅಂಗಡಿಯ ಹುಡುಗ ಕಾಕ್ ಮುಚ್ಚಿದ. ಅಣ್ಣ ಕ್ಯಾಬಿನ್ನಿನಿಂದ ಗಾಳಿಯ ಮೀಟರ್ ಓದಿ ಕೂಗುತ್ತಾ ಹೋದರು. ಎರಡು ಕೆಜಿ. ಮೂರು. ನಾಲ್ಕರ ಹತ್ತಿರ ಮೊದಲ ಗುಳ್ಳೆ ಬಂತು. ಐದರಲ್ಲಿ ಒಂದರ ಹಿಂದೆ ಒಂದು. ಆರರಲ್ಲಿ ನೀರು ಉಕ್ಕಿ ನನ್ನ ಕೈಮೇಲೆ ಬಿತ್ತು. ಏಳು ದಾಟಿ ಅನ್‌ಲೋಡರ್ ಫುಸ್ ಅಂದದ್ದೇ ತಡ, ಗುಳ್ಳೆ ನಿಂತುಹೋಯಿತು. ಅಣ್ಣ ಬ್ರೇಕ್ ಪೆಡಲ್ ನಾಲ್ಕಾರು ಸಲ ತುಳಿದರು, ಗಾಳಿ ಇಳಿಯಿತು, ಕಂಪ್ರೆಸರ್ ಮತ್ತೆ ಕೆಲಸಕ್ಕೆ ಬಿತ್ತು, ಗುಳ್ಳೆ ಮತ್ತೆ ಶುರು. ಒಂದು ನಟ್ಟು ಬಿಚ್ಚಿರಲಿಲ್ಲ, ಒಂದು ರೂಪಾಯಿ ಖರ್ಚಾಗಿರಲಿಲ್ಲ. ಮೇಸ್ತ್ರಿ ಇಣುಕಿದ್ದೂ ಇದೇ ಕತ್ತಿನೊಳಗೆ, ಕಂಡದ್ದೂ ಇದೇ ಗುಳ್ಳೆ. ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಅವರು ಕಾದು ನೋಡಲಿಲ್ಲ.

ಕಂಪ್ರೆಸರಿನ ತಲೆ ಬಿಚ್ಚಿದಾಗ ಸುಟ್ಟ ಜಾಗ ಬರಿಗಣ್ಣಿಗೇ ಕಂಡಿತು. ಗಾಳಿಯ ಬಾಯಿಗೂ ನೀರಿನ ಬಾಯಿಗೂ ನಡುವೆ ಒಂದು ಕಪ್ಪು ಗೆರೆ. ನಾನಾದರೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿಬಿಡುತ್ತಿದ್ದೆ. ಚಾಚಾ ಕಂಪ್ರೆಸರಿನಿಂದ ಟ್ಯಾಂಕಿಗೆ ಹೋಗುವ ಪೈಪನ್ನೂ ಬಿಚ್ಚಿ ಬೆಳಕಿಗೆ ಹಿಡಿದರು. ಒಳಗೆಲ್ಲ ಗಟ್ಟಿ ಇದ್ದಿಲು, ನಡುವೆ ಪೆನ್ಸಿಲ್ ಕೂಡ ತೂರದಷ್ಟು ಕಿರಿದಾದ ದಾರಿ. ಕಂಪ್ರೆಸರಿನ ರಿಂಗು ಸವೆದಿದ್ದವು. ಆಯಿಲ್ ಮೇಲೇರಿ ಗಾಳಿಯ ಜೊತೆ ಹೋಗಿ, ಕಾದ ಪೈಪಿನಲ್ಲಿ ಸುಟ್ಟು ಇದ್ದಿಲಾಗಿ ಅಂಟಿಕೊಂಡಿತ್ತು. ದಾರಿ ಕಿರಿದಾದ ಹಾಗೆ ಗಾಳಿ ಹೋಗಲಾರದೆ ತಲೆ ಕಾದಿತು, ತಲೆ ಕಾದು ಗ್ಯಾಸ್ಕೆಟ್ ಸುಟ್ಟಿತು. ಬೆಳಿಗ್ಗೆ ಗಾಳಿ ತುಂಬಲು ತಡವಾಗುತ್ತಿದ್ದದ್ದಕ್ಕೂ ಇದೇ ಕಾರಣ. ಬರೀ ಗ್ಯಾಸ್ಕೆಟ್ ಹಾಕಿದ್ದರೆ ಸ್ವಲ್ಪ ದೂರ ಹೋಗಿ ಅದೂ ಸುಡುತ್ತಿತ್ತೋ ಏನೋ! ರಿಂಗ್ ಕಿಟ್ ಹೊಸದು, ಪೈಪ್ ಹೊಸದು, ತಲೆಗೆ ಲೇತಿನಲ್ಲಿ ಫೇಸಿಂಗ್. ಕೂಲೆಂಟ್ ಬರುವ ತೆಳು ಪೈಪಿನಲ್ಲೂ ತುಕ್ಕು ಕೂತಿತ್ತು, ಅದನ್ನೂ ಊದಿ ಬಿಡಿಸಿದರು. ಗಾಳಿಯ ಟ್ಯಾಂಕುಗಳನ್ನೆಲ್ಲ ಬರಿದು ಮಾಡಿಸಿ, ಬ್ರೇಕ್ ವಾಲ್ವಿನ ರಬ್ಬರಿಗೆ ಆ ಹಸಿರು ನೀರು ಏನಾದರೂ ಮಾಡಿದೆಯೋ ಅಂತ ಪರೀಕ್ಷೆ ಮಾಡಿದರು. ಇಷ್ಟು ಹೊತ್ತೂ ನಾವು ಇಂಜಿನ್ ಉಳಿಸುವ ಯೋಚನೆಯಲ್ಲಿದ್ದೆವು. ಘಾಟಿಯಲ್ಲಿ ಬ್ರೇಕೇ ಹಿಡಿಯದೆ ಹೋಗಿದ್ದರೆ ಇಂಜಿನ್ ಯಾರಿಗೆ ಬೇಕಿತ್ತು?

ನೀರು ತುಂಬುವ ಕೆಲಸ ನನ್ನದು. ಅದಕ್ಕೂ ಒಂದು ಕ್ರಮ ಇದೆ. ಒಳಗೆ ಸಿಕ್ಕಿಕೊಂಡ ಗಾಳಿ ಹೋಗದಿದ್ದರೆ ಎಲ್ಲ ಸರಿಯಾದ ಮೇಲೂ ಮುಳ್ಳು ಕುಣಿಯುತ್ತದೆ, ರಿಪೇರಿ ಕೆಟ್ಟಿತು ಅಂತ ಮತ್ತೆ ಗ್ಯಾರೇಜಿಗೆ ಓಡಬೇಕಾಗುತ್ತದೆ. ಕ್ಯಾಪ್ ತೆರೆದಿಟ್ಟು, ಮೆಲ್ಲಗೆ ತುಂಬಿ, ಇಂಜಿನ್ ಸಣ್ಣಗೆ ಓಡಿಸಿ, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವ ತನಕ ಕಾದು, ಮಟ್ಟ ಇಳಿದಷ್ಟೂ ಮತ್ತೆ ಹೊಯ್ದು, ಗುಳ್ಳೆ ಪೂರ್ತಿ ನಿಂತ ಮೇಲೆ ಕ್ಯಾಪ್ ಹಾಕಿದೆ.

ಮುಂದಿನ ಲೋಡು ಅದಿರು. ದೋಣಿಗಾಲ್‌ನಲ್ಲಿ ನಿಲ್ಲಿಸಿ ಬಾಟಲಿಯನ್ನು ಮತ್ತೆ ಕಟ್ಟಿದೆವು. ಗುಂಡ್ಯದಲ್ಲಿ ಇಳಿದು ನೋಡಿದರೆ ತಳದಲ್ಲಿ ನಾಲ್ಕು ಹನಿ. ಅಣ್ಣ ಅದನ್ನು ಬಿಚ್ಚಿ ಚೆಲ್ಲಿ, “ಚಾ ಕುಡಿವ ಬಾ” ಅಂದರು.

ಓನರಿಗೆ ಲೆಕ್ಕ ಒಪ್ಪಿಸುವಾಗ ಜಗಳವಾಯಿತು. ಕಂಪ್ರೆಸರಿನ ಖರ್ಚಿಗೆ ಅವರ ತಕರಾರಿರಲಿಲ್ಲ, ಹೆಡ್ ಇಳಿಸುವ ದುಡ್ಡಿನ ಮುಂದೆ ಅದು ಏನೂ ಅಲ್ಲ. ತಕರಾರು ಇದ್ದದ್ದು ಮುಂಗಡ ಕೊಟ್ಟು ತರಿಸಿದ ಹೆಡ್ ಗ್ಯಾಸ್ಕೆಟ್ಟಿನದು. ಗ್ಯಾರೇಜಿನವರು ವಾಪಸ್ ತೆಗೆದುಕೊಳ್ಳಲಿಲ್ಲ, “ಇವತ್ತಲ್ಲ ನಾಳೆ ಬೇಕಾಗುತ್ತೆ, ಇಟ್ಕೊಳ್ಳಿ” ಅಂದರಂತೆ. ಕ್ಯಾಬಿನ್ನಿನಲ್ಲಿ ನನ್ನ ಸೀಟಿನ ಹಿಂದೆ ಮಡಚದ ಹಾಗೆ ಹಲಗೆಗೆ ಕಟ್ಟಿ ನಿಲ್ಲಿಸಿಕೊಂಡು ಅದನ್ನು ಬಹಳ ಕಾಲ ತಿರುಗಿಸಿದೆವು. ಕೊನೆಗೆ ಚನ್ನರಾಯಪಟ್ಟಣದ ಹತ್ತಿರ ಹೆಡ್ ಇಳಿಸಿಕೊಂಡು ರಸ್ತೆಯಲ್ಲೇ ನಿಂತಿದ್ದ ಅದೇ ಮಾಡೆಲ್ಲಿನ ಇನ್ನೊಂದು ಲಾರಿಯವರಿಗೆ ಅಣ್ಣ ಅದನ್ನು ಕೊಂಡ ರೇಟಿಗೇ ಮಾರಿದರು. ಮಾರುವ ಮೊದಲು ಆ ಡ್ರೈವರನ್ನು ಪಕ್ಕಕ್ಕೆ ಕರೆದು, ನೀರು ಹೋಗ್ತಿದ್ದದ್ದು ಹತ್ತುವಾಗಲೋ ಇಳಿಯುವಾಗಲೋ ಅಂತ ಕೇಳಿದರು. ಹತ್ತುವಾಗ ಅಂದ ಅವನು.